ಕಮಲಾಪುರದ ಎರಡು ಗೋರಿಗಳು

ಪ್ರಾರ್ಥನೆಗೆ ಮೊದಲು ಅವರು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಕಿಸೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ. ಕಣ್ಣು ಮುಚ್ಚಿಕೊಳ್ಳುವವರಿಗೆ ಕನ್ನಡಕ ಸ್ವಚ್ಛವಾಗಿದ್ದರೆಷ್ಟು, ಇಲ್ಲದಿದ್ದರೆಷ್ಟು ಎಂದು ನಾನು ಕೆಣಕಿದ್ದೂ ನೆನಪಿದೆ. ಮೊನ್ನೆ ಅವರ ಮಗಳಿಗೆ ಇದನ್ನು ಹೇಳಿದರೆ ಅವಳು ನಕ್ಕುಬಿಟ್ಟಳು.

"ಕಾಕಾ, ಅಪ್ಪಗ ಚಷ್ಮಾ ಬಂದಿದ್ದೇ ರಿಟೈರ್ ಆದ ಮ್ಯಾಲ. ನೀವು ಕಾಲೇಜಿನಾಗ ನೋಡಿದ್ದು ಯಾರಿಗೋ ಏನೋ."

ನಾನು ಇತಿಹಾಸ ಕಲಿಸಿದವನು. ಆಧಾರ ಇಲ್ಲದೆ ಬಾಯಿ ತೆರೆಯಬೇಡಿ ಎಂದು ತರಗತಿಯಲ್ಲಿ ಹೇಳುತ್ತಲೇ ನಿವೃತ್ತನಾದೆ. ಈಗ ಗೆಳೆಯರೊಬ್ಬರ ಬಗ್ಗೆ ಬರೆಯಲು ಕುಳಿತರೆ ನನ್ನ ಬಳಿ ಇರುವುದು ನೆನಪು ಮಾತ್ರ. ಅದು ಎಂಥ ಆಧಾರ ಎಂಬುದು ಕನ್ನಡಕದ ವಿಷಯದಲ್ಲೇ ಗೊತ್ತಾಯಿತು. ಓದುವವರು ಅಷ್ಟು ಎಚ್ಚರ ಇಟ್ಟುಕೊಂಡು ಓದಬೇಕು.

ಅವರ ಹೆಸರು ಬರೆಯುವುದಿಲ್ಲ. ಅವರನ್ನು ಮಣ್ಣು ಮಾಡಿದ ಜಾಗದಲ್ಲೂ ಹೆಸರು ಬರೆಯುವ ಪದ್ಧತಿ ಇಲ್ಲ.

ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರು ಎಂದೇ ಕರೆಯುತ್ತಿದ್ದರು, ಪ್ರಾಚಾರ್ಯರೂ ಹಾಗೆಯೇ. ಎತ್ತರದ ಆಳು, ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಅವರು ಸ್ಟಾಫ್ ರೂಮಿಗೆ ಬರುವ ಮೊದಲೇ ಪ್ರಯೋಗಾಲಯದ ಕೊಳೆತ ತತ್ತಿಯ ವಾಸನೆ ಬರುತ್ತಿತ್ತು. "ಮಾಸ್ತರು ಬಂದ್ರು, ಕಿಟಕಿ ತಗೀರಿ" ಎಂದು ಯಾರಾದರೂ ಅನ್ನುವುದು, ಅವರು ಬಾಗಿಲಲ್ಲೇ ನಿಂತು "ಅತ್ತರ್ ಹಚ್ಕೊಂಡು ಬಂದೀನ್ರಿ, ನಿಮಗ ಕಿಮ್ಮತ್ತ ಇಲ್ಲ" ಅನ್ನುವುದು ದಿನದ ಮಾತಾಗಿತ್ತು.

ಅವರು ಕ್ರೈಸ್ತರು ಎಂಬುದು ಕ್ಯಾಂಟೀನಿನಲ್ಲಿ ಚೆನ್ನಾಗಿ ಗೊತ್ತಾಗುತ್ತಿತ್ತು. ಏನನ್ನೇ ಬಾಯಿಗೆ ಹಾಕಿಕೊಳ್ಳುವ ಮೊದಲೂ ಕಣ್ಣು ಮುಚ್ಚಿ ಒಂದೆರಡು ಮಾತು ಒಳಗೇ ಹೇಳಿಕೊಳ್ಳುವರು. ಊಟಕ್ಕಾದರೆ ಸರಿ, ಅವರು ಸಿಂಗಲ್ ಚಹಾಕ್ಕೂ ಮಾಡುತ್ತಿದ್ದರು.

"ಚಾಕ್ಕೂ ಪ್ರಾರ್ಥನಾ ಏನ್ರಿ ಮಾಸ್ತರ?" ಎಂದೆ ಒಮ್ಮೆ.

"ಈ ಕ್ಯಾಂಟೀನ ಚಾಕ್ಕ ಬೇಕೇ ಬೇಕ್ರಿ. ನೀವು ಹಂಗೇ ಕುಡೀತೀರಲ್ಲ, ನಿಮ್ಮ ಧೈರ್ಯಕ್ಕ ಮೆಚ್ಚಬೇಕು."

ನಮ್ಮಿಬ್ಬರ ಸ್ನೇಹ ಹೀಗೆ ಒಬ್ಬರನ್ನೊಬ್ಬರು ಚುಚ್ಚಿಕೊಂಡೇ ಬೆಳೆಯಿತು. ನಾನು ವಿಶ್ವವಿದ್ಯಾಲಯದಲ್ಲಿದ್ದಾಗಲೇ ಮನೆಯ ದೇವರನ್ನೂ ಬಿಟ್ಟವನು. ಕೊರಳಲ್ಲಿದ್ದ ಲಿಂಗವನ್ನು ನಮ್ಮವ್ವನ ಕೈಗೆ ಕೊಟ್ಟು ಬಂದಿದ್ದೆ. ಅವರು ಅದನ್ನು ಕೇಳಿದಾಗ ಮೆಚ್ಚಲೂ ಇಲ್ಲ, ಬೈಯಲೂ ಇಲ್ಲ. "ಅವ್ವಾರು ಏನಂದ್ರು?" ಎಂದು ಮಾತ್ರ ಕೇಳಿದರು. ಅವ್ವ ಏನೂ ಅನ್ನಲಿಲ್ಲ, ತಗೊಂಡು ದೇವರ ಗೂಡಿನಲ್ಲಿ ಇಟ್ಟಳು ಎಂದೆ. ಅವರು ಬಹಳ ಹೊತ್ತು ತಲೆ ಆಡಿಸುತ್ತ ಕುಳಿತಿದ್ದರು. ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ.

ಅವರ ಹೆಂಡತಿ ಕಮಲಾಪುರದವರು. ಅಂಗನವಾಡಿ ಕಾರ್ಯಕರ್ತೆಯಾಗಿದ್ದರು. ಮಾಸ್ತರು ಒಂದು ಮಾತು ಆಡುವಷ್ಟರಲ್ಲಿ ಆಕೆ ನಾಲ್ಕು ಆಡಿ ಮುಗಿಸುತ್ತಿದ್ದರು. ತವರಿಗೆ ಹೋಗಿ ಬಂದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೆಂಪು ಬಾಳೆಹಣ್ಣು ನಮ್ಮ ಮನೆಗೂ ಕಳಿಸುವರು. ನನಗೆ ಆಕೆ ಇಟ್ಟ ಹೆಸರು ನಾಸ್ತಿಕಣ್ಣ.

"ನಾಸ್ತಿಕಣ್ಣ, ಹಣ್ಣು ಹೆಂಗಿದ್ವು?"

"ಭಾಳ ಸಿಹಿ ಇದ್ವವ್ವ."

"ಮಾಡಿದಂವಗ ಥ್ಯಾಂಕ್ಸ್ ಹೇಳ್ರಿ ಮತ್ತ."

"ರೈತಗ ಹೇಳ್ತೀನಿ."

"ನೋಡ್ರೀ ಇವರಿಗಿ! ರೈತಗ ಕೇಳ್ರಿ, ಅಂವ ಮ್ಯಾಲ ತೋರಸ್ತಾನ." ಮಾಸ್ತರು ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೆಂಡತಿ ಗೆಲ್ಲುವುದನ್ನು ನೋಡುತ್ತ ಕೂಡುವುದು ಅವರಿಗೆ ಇಷ್ಟವಾಗಿತ್ತು.

ಆಕೆ ಕಾಮಾಲೆಯಿಂದ ತೀರಿಕೊಂಡರು. ಮಗಳು ಆಗ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ತವರಿನ ಮಣ್ಣಲ್ಲೇ ಇಡಬೇಕೆಂದು ಆಕೆಯೇ ಹೇಳಿದ್ದರಂತೆ. ಹಾಗಾಗಿ ಕಮಲಾಪುರಕ್ಕೆ ಒಯ್ದರು. ಕಾಲೇಜಿನಿಂದ ಹೋದವರಲ್ಲಿ ಗೋರಿಯ ಹತ್ತಿರದವರೆಗೆ ಹೋಗಿ ನಿಂತವನು ನಾನೊಬ್ಬನೇ. ಮಾಸ್ತರು ಬರಲಿಲ್ಲ. ಬರಲಾಗಲಿಲ್ಲ. ಸ್ಮಶಾನದ ಗೇಟಿನೊಳಗೆ ಎರಡು ಹೆಜ್ಜೆ ಇಟ್ಟವರು ಗೋಡೆಗೆ ಬೆನ್ನು ಹಚ್ಚಿ ಕುಸಿದು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡುಬಿಟ್ಟರು. ಮಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಅದರಿಂದ ಆಕೆಯನ್ನು ಇಳಿಸಿದ್ದನ್ನು ಗಂಡನೂ ನೋಡಲಿಲ್ಲ, ಮಗಳೂ ನೋಡಲಿಲ್ಲ, ನಾನು ನೋಡಿದೆ. ಮುಂದೆ ಬರುವುದಕ್ಕೆಲ್ಲ ಇದೇ ಮೂಲ.

ಕೆಲವು ದಿನ ಕಳೆದ ಮೇಲೆ ಅವರ ಮನೆಯಲ್ಲಿ ಆದರಣೆ ಕೂಟ ಇಟ್ಟುಕೊಂಡರು. ಸಾವಿನ ಮನೆಯಲ್ಲಿ ಚರ್ಚಿನ ಸಭೆಯವರೆಲ್ಲ ಸೇರಿ ಹಾಡಿ, ಬೈಬಲ್ ವಾಕ್ಯ ಓದಿ, ದುಃಖದಲ್ಲಿರುವವರಿಗೆ ಸಮಾಧಾನ ಹೇಳುವ ಕೂಟ ಅದು. ಜಮಖಾನೆ ಹಾಸಿದ ಪಡಸಾಲೆಯಲ್ಲಿ ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ನಾನು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ. ಆಗಿನ ಸಭಾಪಾಲಕರು, ಅಂದರೆ ಪಾದ್ರಿಗಳು, ಇನ್ನೂ ಚಿಕ್ಕವರು. ದೇವರು ತನ್ನ ತೋಟಕ್ಕೆ ಒಂದು ಒಳ್ಳೆಯ ಹೂವು ಬೇಕಾಗಿ ನಮ್ಮ ಸಹೋದರಿಯನ್ನು ಕಿತ್ತುಕೊಂಡಿದ್ದಾನೆ ಎಂಬ ಅರ್ಥದ ಮಾತು ಆಡಿದರು. ಅಷ್ಟರಲ್ಲಿ ಮಾಸ್ತರು ಎದ್ದು ನಿಂತರು.

"ಅಯ್ಯನೋರ, ಅದೊಂದು ಮಾತು ಬ್ಯಾಡ್ರಿ. ಆತಗ ಹೂವಿನದೇನು ಕಮ್ಮಿ ಇಲ್ಲ."

ಸಭಾಪಾಲಕರು ಪುಸ್ತಕ ಮುಚ್ಚಿ, ತಪ್ಪಾಯಿತು ಎಂದು ಕೈ ಮುಗಿದು, ಹಾಡು ಎತ್ತಿದರು. ಮಾಸ್ತರೂ ಕುಳಿತು ಹಾಡಿದರು. ನನಗೆ ಆಶ್ಚರ್ಯವಾದದ್ದು ಬೈದದ್ದಲ್ಲ, ಬೈದ ಮೇಲೆ ಹಾಡಿದ್ದು.

ಈ ಪ್ರಸಂಗವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮಗಳ ಪ್ರಕಾರ ಎದ್ದು ನಿಂತದ್ದು ಅವಳ ಸೋದರತ್ತೆ, ಅಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಅವಳು ಆಗ ಸಣ್ಣವಳು, ಅವಳ ನೆನಪೂ ತಪ್ಪಿರಬಹುದು. ಸೋದರತ್ತೆ ಈಗ ಇಲ್ಲ. ನನ್ನ ಕಿವಿಯಲ್ಲಿ ಮಾತ್ರ ಅದು ಅವರದೇ ಧ್ವನಿ.

ಆಮೇಲೆ ಅವರು ನಂಬಿಕೆ ಬಿಡುತ್ತಾರೆ ಎಂದು ನಾನು ಎಣಿಸಿದ್ದೆ. ನಿಜ ಹೇಳಬೇಕೆಂದರೆ ಕಾಯುತ್ತಿದ್ದೆ. ಬಿಡಲಿಲ್ಲ. ಕಲಬುರಗಿಯಲ್ಲಿ ಮನೆಯ ಹತ್ತಿರವೇ ದೊಡ್ಡ ಚರ್ಚು ಇತ್ತು. ಅದನ್ನು ಬಿಟ್ಟು ಪ್ರತಿ ಭಾನುವಾರ ಬೆಳಿಗ್ಗೆ ಹುಮನಾಬಾದ ಕಡೆಯ ಬಸ್ಸು ಹಿಡಿದು, ಮಗಳನ್ನು ಕಿಟಕಿಯ ಪಕ್ಕ ಕೂಡಿಸಿಕೊಂಡು, ಕಮಲಾಪುರದ ಸಣ್ಣ ಸಭೆಗೆ ಹೋಗತೊಡಗಿದರು. ಅಲ್ಲಿ ಕೊನೆಯ ಸಾಲಿನಲ್ಲಿ ಕೂಡುತ್ತಿದ್ದರಂತೆ. ಚಹಾದ ಪ್ರಾರ್ಥನೆ ಮೊದಲಿಗಿಂತ ಉದ್ದವಾಯಿತು. ಚಹಾ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು.

"ಇಷ್ಟೊತ್ತು ಏನು ಹೇಳ್ತೀರಿ ಆತಗ?"

"ಬೈತೀನ್ರಿ."

ನಾನು ನಕ್ಕೆ. ಅವರು ನಗಲಿಲ್ಲ.

"ನಗೂದಲ್ರಿ. ಸಿಟ್ಟು ಮಾಡ್ಲಿಕ್ಕ ಒಬ್ಬಂವ ಬೇಕು. ನನಗ ಒಬ್ಬಂವ ಅದಾನ. ನಿಮಗ ಯಾರು ಅದಾರ?"

ಇದಕ್ಕೆ ನಾನು ಏನೋ ಚುರುಕಾದ ಉತ್ತರ ಕೊಟ್ಟಿರಬೇಕು. ನೆನಪಿಲ್ಲ. ಪ್ರಶ್ನೆ ನೆನಪಿದೆ.

ಹೆಂಡತಿ ಸತ್ತಳು ಎಂದು ಅವರು ಒಂದು ಸಲವೂ ಅಂದವರಲ್ಲ. "ಆಕಿ ಮಲಗಿದ ಮ್ಯಾಲ" ಅನ್ನುತ್ತಿದ್ದರು. ಅದು ಅವರ ಮಂದಿಯಲ್ಲಿ ರೂಢಿಯ ಮಾತು. ನನಗೆ ಅದು ತನಗೆ ತಾನೇ ಸುಳ್ಳು ಹೇಳಿಕೊಂಡಂತೆ ಕೇಳಿಸುತ್ತಿತ್ತು. ಜಗತ್ ಸರ್ಕಲ್ಲಿನ ಬಳಿ ಇಬ್ಬರೂ ರಸ್ತೆ ದಾಟಲು ನಿಂತಿದ್ದಾಗ ಕೇಳಿಯೇಬಿಟ್ಟೆ.

"ಮಲಗ್ಯಾರ ಅಂತೀರಿ, ಎಬ್ಬಸೋದು ಯಾವಾಗ?"

"ಅಲಾರಾಮ್ ನಮ್ಮ ಕೈಯಾಗ ಇಲ್ರಿ" ಎಂದರು. ಆಟೋಗಳ ಗದ್ದಲದಲ್ಲಿ ಸರಿಯಾಗಿ ಕೇಳಲಿ ಎಂದು ಇನ್ನೊಮ್ಮೆ, ಕೂಗಿ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಗಡಿಯಾರ ರಿಪೇರಿಯ ಚಾಚಾ, ತನಗೇ ಹೇಳಿದರೇನೋ ಎಂದು, "ಲಾವ್ ನಾ ಸಾಬ್, ದೇಖ್ತೂಂ" ಎಂದು ಕೈ ಚಾಚಿದ. ಮಾಸ್ತರು ಬಿದ್ದು ಬಿದ್ದು ನಕ್ಕರು. ಹೆಂಡತಿ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ತಮ್ಮ ತೀರಿಕೊಂಡಾಗ ಅವರು ಬಂದರು. ತಮ್ಮನಿಗೆ ಇನ್ನೂ ಐವತ್ತೂ ಆಗಿರಲಿಲ್ಲ. ಬಂದವರೆಲ್ಲ ಏನೇನೋ ಹೇಳಿ ಹೋಗುತ್ತಿದ್ದರು. ಹಣೆಬರಹ ಎಂದರು, ಶಿವನ ಇಚ್ಛೆ ಎಂದರು. ಮಾಸ್ತರು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕುಳಿತರು. ಬಹಳ ಹೊತ್ತಾದ ಮೇಲೆ ಹತ್ತಿರ ಬಾಗಿದರು.

"ನಾ ಒಂದೀಟು ಪ್ರಾರ್ಥನಾ ಮಾಡ್ತೀನ್ರಿ. ಒಳಗೊಳಗೇ. ನಿಮಗ ಕೇಳಸಂಗಿಲ್ಲ. ನಡೀತದೇನ್ರಿ?"

"ನಡೀತದ" ಎಂದೆ.

ಅವರು ಕಣ್ಣು ಮುಚ್ಚಿದರು. ನಾನು ಅವರ ಮುಖ ನೋಡುತ್ತ ಕುಳಿತೆ. ತುಟಿ ಅಲುಗುತ್ತಿರಲಿಲ್ಲ. ಹುಬ್ಬು ಮಾತ್ರ, ಯಾರ ಜೊತೆಗೋ ವಾದ ಮಾಡುವವರಂತೆ, ಏರುತ್ತ ಇಳಿಯುತ್ತ ಇತ್ತು. ನನ್ನ ಪರವಾಗಿ ಯಾರೋ ಜಗಳಕ್ಕೆ ಹೋಗಿದ್ದಾರೆ ಅನ್ನಿಸಿತು. ಜಗಳಕ್ಕೆ ಆ ಕಡೆ ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಎದೆಯೊಳಗೆ ಏನೋ ಸ್ವಲ್ಪ ಸಡಿಲವಾಯಿತು. ಇದನ್ನು ಏನೆಂದು ಕರೆಯಬೇಕೋ ತಿಳಿಯದೆ ಹಾಗೆಯೇ ಬಿಟ್ಟಿದ್ದೇನೆ.

ಮುಂದೆ ಅವರು ನನ್ನನ್ನು ಕಾಡಲು ಒಂದು ಹೊಸ ಮಾತು ಹಿಡಿದರು. "ಅವತ್ತು ನೀವು ಆಮೆನ್ ಅಂದ್ರಿ."

"ಅಂದಿಲ್ಲ."

"ಅಂದ್ರಿ. ನಾ ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿದ್ದಿಲ್ಲ."

"ಮಾಸ್ತರ, ನೀವು ಒಳಗೊಳಗೇ ಮಾಡಿದ್ದು. ಮುಗೀತು ಅಂತ ನನಗ ಹೆಂಗ ಗೊತ್ತಾಗಬೇಕು ಆಮೆನ್ ಅನ್ಲಿಕ್ಕ?"

"ಅದೇ ಅಂತೀನಿ ನಾನೂ. ಹೆಂಗ ಗೊತ್ತಾತು?"

ಅಂದೆನೋ ಇಲ್ಲವೋ. ಇಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಮೊದಲಿನಷ್ಟು ಜೋರಾಗಿ ಹೇಳಲಾರೆ.

ಕಮಲಾಪುರದ ಆ ಸ್ಮಶಾನದ ಪದ್ಧತಿಯನ್ನು ಈಗ ಹೇಳಬೇಕು. ಜಾಗ ಸಣ್ಣದು. ಬಡವ ಬಲ್ಲಿದ ಎಂಬ ಭೇದ ಸತ್ತ ಮೇಲಾದರೂ ಬೇಡವೆಂದು ಹಿಂದಿನ ಹಿರಿಯರು ಅಲ್ಲಿ ಫರಸಿ ಕಲ್ಲು, ಸಿಮೆಂಟು, ಹೆಸರಿನ ಹಲಗೆ ಯಾವುದಕ್ಕೂ ಅವಕಾಶ ಕೊಡಲಿಲ್ಲ. ಎಲ್ಲವೂ ಮಣ್ಣಿನ ಗೋರಿಗಳೇ, ತಲೆಯ ಕಡೆ ಒಂದು ಕಟ್ಟಿಗೆಯ ಶಿಲುಬೆ. ಈಸ್ಟರ್ ಹಬ್ಬದ ಹಿಂದಿನ ದಿನ, ಶನಿವಾರ, ಸಭೆಯವರೆಲ್ಲ ಬಂದು ಗೋರಿಗಳಿಗೆ ಮಣ್ಣು ಮೆತ್ತಿ ಸುಣ್ಣ ಬಳಿಯುತ್ತಾರೆ. ಮರುದಿನ ನಸುಕಿನಲ್ಲಿ ಅಲ್ಲೇ ಆರಾಧನೆ. ಇದರಲ್ಲಿ ಒಂದು ಕಟ್ಟುಪಾಡು ಉಂಟು: ತಮ್ಮವರ ಗೋರಿಯನ್ನು ತಾವು ಬಳಿಯಬಾರದು. ನಿಮ್ಮವರದನ್ನು ಇನ್ನೊಬ್ಬರು ಬಳಿಯುತ್ತಾರೆ, ನೀವು ಇನ್ನೊಬ್ಬರದನ್ನು ಬಳಿಯಬೇಕು.

ಒಂದು ವರ್ಷ ಮಾಸ್ತರು ನನ್ನನ್ನೂ ಕರೆದುಕೊಂಡು ಹೋದರು. "ನಿಮ್ಮ ನಂಬಿಕಿ ಏನೂ ಕೆಡಂಗಿಲ್ಲ, ಬರ್ರಿ. ಸುಣ್ಣಕ್ಕ ಜಾತಿ ಇಲ್ಲ." ಸುಡುಬಿಸಿಲು. ಡ್ರಮ್ಮಿನಲ್ಲಿ ಸುಣ್ಣ ಕೊತಕೊತ ಕುದಿಯುತ್ತಿತ್ತು. ಮಾಸ್ತರು ಲುಂಗಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಯಾವುದೋ ಕೂಸಿನ ಸಣ್ಣ ಗೋರಿಯ ಮುಂದೆ ಕುಳಿತು ನಾರಿನ ಕುಂಚದಿಂದ ಬಳಿಯುತ್ತಿದ್ದರು. ಕೂಸಿಗೆ ಎಣ್ಣೆ ಹಚ್ಚುವಷ್ಟು ನಿಧಾನ.

"ಯಾರದದು?"

"ಯಾರದೋ. ನಾ ಯಾರದೋ ಬಳೀತೀನಿ, ಯಾರೋ ಆಕೀದು ಬಳೀತಾರ. ಇದರಾಗ ಏನು ಸಮಾಧಾನ ಅದ ಅಂತ ಕೇಳಬ್ಯಾಡ್ರಿ. ಅದ."

"ಸಮಾಧಾನ ಸಿಕ್ಕದ ಅಂದಂಗಾತು ಹಂಗಾರ."

ಕುಂಚ ನಿಲ್ಲಿಸಿದರು. "ಪೂರಾ ಸಿಕ್ಕಿಲ್ಲ. ಎಲ್ಲಿ ಕೇಳಬೇಕು ಅಂತ ಗೊತ್ತಾಗ್ಯದ. ಅಷ್ಟ."

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಚರ್ಚಿನ ನೆರಳಿಗೆ ಹೋದಾಗ ಅವರು ನನ್ನ ಕೈ ಹಿಡಿದು ಹಿಂದಿನ ಗೋಡೆಯ ಕಡೆ ಕರೆದೊಯ್ದರು. ಅಲ್ಲಿ ಎರಡು ಗೋರಿಗಳು ಅಕ್ಕಪಕ್ಕ ಇದ್ದವು. ಒಂದೇ ಉದ್ದ, ಒಂದೇ ಅಗಲ, ಎರಡಕ್ಕೂ ಹಸಿ ಸುಣ್ಣ. ಹೆಂಡತಿಯನ್ನು ಇಟ್ಟ ಮಳೆಗಾಲದಲ್ಲೇ ಪಕ್ಕದಲ್ಲಿ ಇನ್ನೊಬ್ಬ ಹೆಣ್ಣುಮಗಳನ್ನೂ ಇಟ್ಟಿದ್ದರಂತೆ. ದೊಡ್ಡ ಮಳೆಗೆ ಶಿಲುಬೆಗಳು ಬಿದ್ದವು, ಗೆದ್ದಲು ಹಿಡಿಯಿತು, ಯಾರೋ ಎತ್ತಿ ನೆಟ್ಟರು. ಆ ಇನ್ನೊಬ್ಬಳ ಮನೆಯವರು ಊರು ಬಿಟ್ಟು ಹೋಗಿದ್ದರು. ತೋಡಿದವನೂ, ಪೆಟ್ಟಿಗೆ ಇಳಿಸಿದ ಆಕೆಯ ಅಣ್ಣಂದಿರೂ ತೀರಿಹೋಗಿದ್ದರು. ತಮ್ಮದನ್ನು ತಾವು ಮುಟ್ಟುವಂತಿಲ್ಲವಾದ್ದರಿಂದ ಮಾಸ್ತರು ಗುರುತು ಇಟ್ಟುಕೊಂಡಿರಲಿಲ್ಲ. ಕೇಳಲು ನಾಚಿಕೊಂಡು ವರ್ಷಗಳನ್ನು ಕಳೆದಿದ್ದರು.

"ಒಮ್ಮೆ ಹಿರಿಯಮ್ಮಗ ಕೇಳ್ದೆ" ಎಂದರು. ಹಿರಿಯಮ್ಮ ಅಂದರೆ ಆ ಸಭೆಯ ಹಳೆಯ ಹೆಂಗಸು, ಸುಣ್ಣದ ಕೆಲಸದ ಯಜಮಾನಿಕೆ ಆಕೆಯದೇ. "ಆಕಿ ಏನಂದ್ಳು ಗೊತ್ತದೇನು? ಮಾಸ್ತರ, ಯಾವುದು ಯಾರದು ಅಂತ ಲೆಕ್ಕ ಹಾಕೋತ ಕುಂತ್ರ ಬಳಿಯೋದು ಯಾವಾಗ, ಅಂದ್ಳು."

"ಆಕಿ ಇಲ್ಲಿ ಇಲ್ಲ, ಎದ್ದು ಬರ್ತಾಳ ಅನ್ನೋದು ನಿಮ್ಮ ನಂಬಿಕಿ" ಎಂದೆ. "ಹಂಗಿದ್ದ ಮ್ಯಾಲ ಯಾವ ಗೋರಿ ಅನ್ನೋದು ಯಾಕ ಬೇಕ್ರಿ?"

ವಾದ ಗೆದ್ದೆ ಅಂದುಕೊಂಡೆ. ಅವರು ಎರಡರ ನಡುವಿನ ನೆಲ ನೋಡುತ್ತ ನಿಂತರು.

"ನಂಬಿಕಿ ತಲ್ಯಾಗ ಇರ್ತದ್ರಿ. ಕಾಲಿಗಿ ನಿಂದರ್ಲಿಕ್ಕ ಒಂದು ಜಾಗ ಬೇಕು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನೀವು ಅವತ್ತು ಎದುರಿಗೇ ಇದ್ರಿ. ನಿಮ್ಮ ನೆನಪು ನಮ್ಮಂಥದ್ದಲ್ಲ. ಯಾವುದು, ಹೇಳ್ರಿ."

ನಾನು ಹೇಳಿದೆ. ತಡಮಾಡದೆ, ಬೆರಳು ಚಾಚಿ ಹೇಳಿದೆ. ಗೋಡೆಯ ಪಕ್ಕ ಆಗ ಒಂದು ಬೇವಿನ ಮರವಿತ್ತು. ಒಂದು ಗೋರಿ ಅದರ ನೆರಳಿಗಿತ್ತು, ಇನ್ನೊಂದು ಬಿಸಿಲಿಗೆ. ಮಾಸ್ತರು "ಹಾಂ" ಎಂದು ಉಸಿರು ಬಿಟ್ಟು, ನಾನು ತೋರಿಸಿದ ಗೋರಿಯ ತಲೆಯ ಕಡೆ ಹೋಗಿ ಕಣ್ಣು ಮುಚ್ಚಿದರು. ಸತ್ತವರಿಗಾಗಿ ಬೇಡಿಕೊಳ್ಳುವುದು ಅವರ ಸಭೆಯ ರೂಢಿಯಲ್ಲ. ಹೋದವರು ಬದುಕಿದ್ದಕ್ಕಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ ಅಷ್ಟೇ. ಮಾಸ್ತರು ಬಹಳ ಹೊತ್ತು ಹೇಳಿದರು. ಆ ಮುಖದಲ್ಲಿ ಅಂದು ಜಗಳ ಇರಲಿಲ್ಲ. ಅದಿಷ್ಟನ್ನು ಯಾರು ಅಲ್ಲಗಳೆದರೂ ನಾನು ಒಪ್ಪುವುದಿಲ್ಲ.

ಆದರೆ ಅಂದು ನಾನು ತೋರಿಸಿದ್ದು ನೆರಳಿನದನ್ನೋ ಬಿಸಿಲಿನದನ್ನೋ ಎಂಬುದು ಮಾತ್ರ ನನಗೆ ಮರೆತುಹೋಗಿದೆ.

ಈ ವರ್ಷ ಅವರು ಹೋದರು. ಮಧ್ಯಾಹ್ನ ಉಂಡು ಆರಾಮ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಮಗಳು ಬೀದರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ಸಂಜೆಯೊಳಗೆ ಬಂದಳು. ನಾನು ಹೋದಾಗ ಅಂಗಳದಲ್ಲಿ ಜನರ ನಡುವೆ ನಿಂತು ಫೋನಿನಲ್ಲಿ ಏನೇನೋ ಏರ್ಪಾಡು ಮಾಡುತ್ತಿದ್ದಳು. ನನ್ನನ್ನು ಕಂಡು ಫೋನು ಇಳಿಸಿದಳು.

"ಕಾಕಾ, ಅಪ್ಪಗ ಅವ್ವನ ಮಗ್ಗಲದಾಗ ಇಡಬೇಕು. ಅದೊಂದೇ ಕೇಳಿದ್ದ ಅಂವ. ಅವ್ವ ಎಲ್ಲಿ ಅಂತ ನಿಮಗೊಬ್ಬರಿಗೇ ಗೊತ್ತದ ಅಂದಿದ್ದ. ನಾಳೆ ಮುಂಜಾನೆ ನೀವು ಬಂದು ತೋರಸಬೇಕು."

ನಾನು ಬಾಯಿ ತೆರೆದೆ. ಅವಳ ಕಣ್ಣು ಬಾತುಹೋಗಿದ್ದವು. "ಬರ್ತೀನವ್ವ" ಎಂದೆ.

ಮರುದಿನ ಬೆಳಿಗ್ಗೆ ಶವದ ಗಾಡಿಯ ಹಿಂದಿನ ಕಾರಿನಲ್ಲಿ ಅವಳ ಪಕ್ಕ ಕುಳಿತು ಕಮಲಾಪುರಕ್ಕೆ ಹೊರಟಾಗ ನಾನು ದಾರಿಯುದ್ದಕ್ಕೂ ಆ ಹಳೆಯ ದಿನವನ್ನು ಹುಡುಕುತ್ತಿದ್ದೆ. ಪೆಟ್ಟಿಗೆಗೆ ಕಟ್ಟಿದ ಹಗ್ಗ ನೆನಪಿತ್ತು. ಬೂಟಿಗೆ ಮೆತ್ತಿದ ಕೆಂಪು ಕೆಸರು ನೆನಪಿತ್ತು. ಆಕೆಯ ಅಣ್ಣನೊಬ್ಬ ಹಗ್ಗ ಬಿಡುವಾಗ "ಸಾವಕಾಶ, ಸಾವಕಾಶ" ಅಂದದ್ದು ನೆನಪಿತ್ತು. ಜಾಗ ಮಾತ್ರ ಸಿಗಲಿಲ್ಲ. ಬೇವಿನ ಮರ ನೋಡಿದರೆ ನೆನಪಾದೀತು ಎಂದು ಧೈರ್ಯ ತಂದುಕೊಂಡೆ.

ಬೇವಿನ ಮರ ಇರಲಿಲ್ಲ. ಗೋಡೆಯನ್ನು ಹೊಸದಾಗಿ ಕಟ್ಟುವಾಗ ಕಡಿದಿದ್ದರು. ಬೊಡ್ಡೆಯೂ ಕಾಣದಂತೆ ನೆಲ ಸಮ ಮಾಡಿದ್ದರು. ಎರಡು ಗೋರಿಗಳ ಮೇಲೂ ಒಂದೇ ತರದ ಬಿಸಿಲು. ಎಡಗಡೆಯದರ ಎಡಕ್ಕೆ ಒಬ್ಬರನ್ನು ಇಡುವಷ್ಟು ಜಾಗ ಇತ್ತು, ಬಲಗಡೆಯದರ ಬಲಕ್ಕೂ ಅಷ್ಟೇ ಇತ್ತು. ನಡುವೆ ಒಬ್ಬರು ನಿಲ್ಲುವಷ್ಟು ಮಾತ್ರ. ತೋಡುವ ಇಬ್ಬರು ಗುದ್ದಲಿ ಊರಿಕೊಂಡು ನನ್ನ ಮುಖ ನೋಡುತ್ತ ನಿಂತಿದ್ದರು. ಹಿರಿಯಮ್ಮ ಈಗ ತೀರ ಬಾಗಿಹೋಗಿದ್ದರೂ ಕೋಲು ಊರಿಕೊಂಡು ಬಂದಿದ್ದಳು.

"ಲಗು ಹೇಳ್ರಿ ಸಾಹೇಬ್ರ, ಬಿಸಲು ಏರ್ಲಾಕತ್ತದ" ಎಂದ ತೋಡುವವರಲ್ಲಿ ಒಬ್ಬ.

"ತಡಿಯೋ" ಎಂದಳು ಹಿರಿಯಮ್ಮ. "ಭಾಳ ಓದಿದವರು, ತಲ್ಯಾಗಿಂದ ಹುಡುಕಿ ತಗದು ಹೇಳಬೇಕಲ್ಲ."

ಮಗಳು ಕೈ ಕಟ್ಟಿ ನಿಂತಿದ್ದಳು. ಗೊತ್ತಿಲ್ಲ ಎಂದು ಹೇಳುವುದೇ ಸರಿ. ಜೀವನವಿಡೀ ಹುಡುಗರಿಗೆ ಅದನ್ನೇ ಹೇಳಿಕೊಟ್ಟಿದ್ದೆ. ಆದರೆ ಗೊತ್ತಿಲ್ಲ ಎಂದರೂ ಗುಂಡಿಯನ್ನು ಎಲ್ಲೋ ಒಂದು ಕಡೆ ತೋಡಲೇಬೇಕಲ್ಲ. ಅವಳು ಆಮೇಲೆ ಬದುಕಿರುವಷ್ಟು ದಿನ ಇಲ್ಲಿಗೆ ಬಂದು ನಿಲ್ಲಬೇಕಲ್ಲ.

ಎಡಗಡೆಗೆ ಕೈ ತೋರಿಸಿದೆ.

ತೋರಿಸಿದ ಕೂಡಲೇ ಎಲ್ಲ ಕಣ್ಣೆದುರಿಗೆ ಬಂತು. ಬೇವಿನ ಒಂದು ಕೊಂಬೆ ಗುಂಡಿಯ ಮೇಲೆ ಬಾಗಿತ್ತು, ಆಕೆಯ ಅಣ್ಣ ಅದನ್ನು ಒಂದು ಕೈಯಿಂದ ಎತ್ತಿ ಹಿಡಿದಿದ್ದ, ಎಲೆಗಳಿಂದ ನೀರು ಪೆಟ್ಟಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಇವತ್ತಿಗೂ ಅದನ್ನು ಹಾಗೆಯೇ ನೋಡಬಲ್ಲೆ. ಹಾಗಾದರೆ ಕಾರಿನಲ್ಲಿ ಕುಳಿತು ಅಷ್ಟು ಹುಡುಕಿದಾಗ ಅದು ಯಾಕೆ ಬರಲಿಲ್ಲ? ನೆನಪಿನಿಂದ ಕೈ ಎದ್ದಿತೋ, ಕೈ ಎದ್ದದ್ದಕ್ಕೆ ನೆನಪು ಹುಟ್ಟಿತೋ? ಅದಲ್ಲದೆ, ಆ ಅಣ್ಣನ ಎರಡೂ ಕೈಯಲ್ಲಿ ಹಗ್ಗ ಇತ್ತಲ್ಲ.

ಗುದ್ದಲಿ ಬಿತ್ತು. ಮಣ್ಣು ಮೇಲೆ ಬರತೊಡಗಿತು. ನಾನು ಗೋಡೆಯ ಬಳಿ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಮಗಳು ಬಂದು ಪಕ್ಕದಲ್ಲಿ ನಿಂತಳು.

"ಖರೇನೇ ನೆನಪಿತ್ತೇನ್ರಿ ಕಾಕಾ?"

ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. "ಗೊತ್ತಿಲ್ಲವ್ವ. ಈಗ ನೆನಪದ. ಆಗ ಇತ್ತೋ ಇಲ್ಲೋ ಗೊತ್ತಿಲ್ಲ. ನಿಲ್ಲಸ್ಲೇನು?"

ಅವಳು ತಲೆ ಅಲ್ಲಾಡಿಸಿದಳು. ಅಳುತ್ತಿದ್ದಳು, ಅದರ ನಡುವೆಯೇ ಅಪ್ಪನದೇ ನಗು ಬಾಯಂಚಿಗೆ ಬಂತು.

"ಬ್ಯಾಡ್ರಿ. ಅಪ್ಪ ಹೇಳಿದ್ದ. ಕಾಕಾ ಹೋದ ಸಲ ಒಂದು ತೋರಸ್ಯಾರ, ಈ ಸಲ ಇನ್ನೊಂದು ತೋರಸಬಹುದು, ಏನೂ ಅನಬ್ಯಾಡ, ಅವರು ಕೈ ಮಾಡಿದಲ್ಲೇ ಇಡು ಅಂದಿದ್ದ."

"ಹೋದ ಸಲ ಯಾವುದು ತೋರಿಸಿದ್ದೆ ಅಂತ ಹೇಳಿದ್ರೇನು?"

"ನಾ ಕೇಳಿದೆ. ಹೇಳಲಿಲ್ಲ."

ಹಾಗಾದರೆ ನನ್ನ ಮಾತನ್ನು ಅವರು ಅಂದೇ ನಂಬಿರಲಿಲ್ಲ. ನಂಬದೆಯೇ ಅಷ್ಟು ಹೊತ್ತು ಆ ಗೋರಿಯ ತಲೆಯ ಬಳಿ ಕಣ್ಣು ಮುಚ್ಚಿ ನಿಂತಿದ್ದರು, ಮುಖದಲ್ಲಿ ಜಗಳವಿಲ್ಲದೆ. ಅಥವಾ ನಂಬಿದ್ದರು, ಆಮೇಲೆ ಯಾವಾಗಲೋ ನಾನು ಮರೆಯುತ್ತೇನೆ ಎಂದು ಕಂಡುಕೊಂಡರು. ಅಥವಾ ಇದು ಕೊನೆಯ ಒಂದು ಚುಚ್ಚುಮಾತು: ಆಧಾರ ಕೇಳುವವನು ಒಮ್ಮೆಯಾದರೂ ಆಧಾರವಿಲ್ಲದೆ ಕೈ ಎತ್ತಿ ತೋರಿಸಲಿ ಎಂದು. ಅಥವಾ ಏನೂ ಅಲ್ಲ, ಮಗಳು ಜನರೆದುರು ಗಲಿಬಿಲಿಯಾಗಬಾರದು ಎಂಬ ಅಪ್ಪನ ಮುಂಜಾಗ್ರತೆ. ನಾಲ್ಕೂ ಅವರ ಸ್ವಭಾವಕ್ಕೆ ಹೊಂದುತ್ತವೆ.

ಪೆಟ್ಟಿಗೆ ಇಳಿಸಿದರು. ಈಗಿನ ಸಭಾಪಾಲಕರು ವಾಕ್ಯ ಓದಿದರು, ಹೂವಿನ ಮಾತು ಆಡಲಿಲ್ಲ. ಹಾಡಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಮಗಳು ಹಾಕಿದಳು. ಹಿರಿಯಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿ, ಎರಡೂ ಕೈಯಿಂದ ಹಾಕಿದಳು. ನಾನೂ ಒಂದು ಹಿಡಿ ಹಾಕಿದೆ. ಪೆಟ್ಟಿಗೆಯ ಮೇಲೆ ಅದು ಬಿದ್ದ ಸದ್ದು ಕೇಳಿಸಿತು.

ಜನ ಗೇಟಿನ ಕಡೆ ಹೊರಟರು. ತೋಡುವವರು ಮಣ್ಣು ಎಳೆಯುತ್ತಿದ್ದರು. ಅವರಲ್ಲಿ ಒಬ್ಬ ತಲೆ ಎತ್ತಿ ಬಲಗಡೆಯ ಗೋರಿಯನ್ನು ಗುದ್ದಲಿಯಿಂದ ತೋರಿಸಿದ.

"ಹಂಗಾದ್ರ ಇದು ಯಾರದ್ರಿ ಸಾಹೇಬ್ರ?"

"ಗೊತ್ತಿಲ್ಲಪ್ಪ" ಎಂದೆ.

ಹೊರಟವನು ನಿಂತೆ. ಬಗ್ಗಿ ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡು ಆ ಗೋರಿಯ ಮೇಲೂ ಹಾಕಿದೆ. ಎರಡರಲ್ಲಿ ಒಂದು ಆಕೆಯದು ಇರಲೇಬೇಕು ಎಂಬ ಲೆಕ್ಕದಿಂದ ಹಾಕಿದೆನೋ, ಲೆಕ್ಕ ಬಿಟ್ಟು ಹಾಕಿದೆನೋ, ಹೇಳಲಾರೆ. ತೋಡುವವನು ಮಾತ್ರ ಅದರಲ್ಲಿ ಕೇಳುವಂಥದ್ದೇನೂ ಇಲ್ಲ ಎಂಬಂತೆ, ನನ್ನ ಕೈಯಿಂದ ಉದುರಿದ ಮಣ್ಣನ್ನು ಗುದ್ದಲಿಯ ಹಿಂಬದಿಯಿಂದ ಮೆಲ್ಲಗೆ ಸವರಿ ಸಮ ಮಾಡಿದ.